ತಣ್ಣೀರಿನ ತೀರದಲ್ಲಿ ರಬ್ಬರಿನ ಕವಚ

ಕ್ಯಾಲಿಫೋರ್ನಿಯಾ ಎಂದೊಡನೆ ನಮ್ಮವರ ಕಣ್ಣ ಮುಂದೆ ಬಂದು ನಿಲ್ಲುವ ಚಿತ್ರ ಒಂದೇ: ಹೊಂಬಿಸಿಲು, ಕಿತ್ತಲೆಯ ತೋಟಗಳು, ನೀಲಿಯ ಕಡಲು. ಬಿಸಿಲು ನಿಜ; ತೋಟಗಳೂ ನಿಜ; ಕಡಲು ನೀಲಿಯೆಂಬುದೂ ಸುಳ್ಳಲ್ಲ. ಆದರೆ ಆ ನೀಲಿಗೆ ಮರುಳಾಗಿ ನೀರಿಗೆ ಕಾಲಿಟ್ಟವನು ಮರುಕ್ಷಣದಲ್ಲಿಯೇ ಹಿಂದಕ್ಕೆ ಜಿಗಿಯುವನು. ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ದಕ್ಷಿಣಕ್ಕೆ ಸುಮಾರು ೭೫ ಮೈಲಿ ದೂರದ ಸ್ಯಾಂಟಾ ಕ್ರೂಜ್ ಊರಿನವರೆಗೂ ಈ ತೀರದ ನೀರು ವರ್ಷದ ಬಹುಭಾಗ ೧೧ರಿಂದ ೧೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಇರುತ್ತದೆ. ಮಲ್ಪೆಯ ಅಥವಾ ಕಾರವಾರದ ಉಗುರುಬೆಚ್ಚನೆಯ ಅಲೆಗಳಲ್ಲಿ ಮಿಂದವರಿಗೆ ಈ ನೀರು ಕಡಲಿನದೆಂದು ನಂಬುವುದೇ ಕಷ್ಟ. ತಂಗಳು ಪೆಟ್ಟಿಗೆಯ ಬಾಗಿಲು ತೆರೆದು ಅದರೊಳಗೆ ಕಾಲಿಟ್ಟಂತಾಗುವುದು.

ಬೇಸಗೆಯಲ್ಲಿ ಕಡಲು ಬೆಚ್ಚಗಾಗಬೇಕಲ್ಲವೆ ಎಂದು ಓದುಗರು ಕೇಳಬಹುದು. ಇಲ್ಲಿ ನಡೆಯುವುದು ಅದಕ್ಕೆ ವ್ಯತಿರಿಕ್ತ. ವಸಂತದಲ್ಲಿಯೂ ಬೇಸಗೆಯ ಆರಂಭದಲ್ಲಿಯೂ ವಾಯವ್ಯದ ಗಾಳಿ ತೀರದುದ್ದಕ್ಕೂ ಬೀಸುತ್ತದೆ. ಭೂಮಿಯ ಪರಿಭ್ರಮಣದ ಪ್ರಭಾವದಿಂದ ಮೇಲ್ಪದರದ ನೀರು ತೀರದಿಂದ ದೂರಕ್ಕೆ ಸರಿಯುತ್ತದೆ. ತೆರವಾದ ಸ್ಥಳವನ್ನು ತುಂಬಲು ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಈ ಆಳದ ನೀರಿನೊಡನೆ ಬರುವ ಸತ್ತ್ವದಿಂದಲೇ ಇಲ್ಲಿ ಮೀನು, ಕಡಲ ಹಕ್ಕಿ, ತಿಮಿಂಗಿಲಗಳ ಸಮೃದ್ಧಿ. ಸ್ಯಾನ್‌ಫ್ರಾನ್ಸಿಸ್ಕೊವಿನ ಲೋಕಪ್ರಸಿದ್ಧವಾದ ಮಂಜು ಹುಟ್ಟುವುದೂ ಇದೇ ತಣ್ಣೀರಿನ ಮೇಲೆ ಹಾಯುವ ತೇವಗಾಳಿಯಿಂದ. ಕಡಲು ತುಸು ಸೌಮ್ಯವಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಊರವರು ಬೇಸಗೆ ಮುಗಿಯಿತೆಂದು ಹೇಳತೊಡಗಿದ ಮೇಲೆ.

ಇಂಥ ನೀರಿನಲ್ಲಿ ಈಜುವ ಹವ್ಯಾಸ ಬೆಳೆದದ್ದೂ, ಆ ಹವ್ಯಾಸಕ್ಕೆ ಬೇಕಾದ ವಿಚಿತ್ರ ಉಡುಪೊಂದು ಹುಟ್ಟಿದ್ದೂ ಇದೇ ತೀರದಲ್ಲಿ. ಅದರ ಹೆಸರು ವೆಟ್‌ಸೂಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಒದ್ದೆಯಂಗಿ. ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಮೊದಲ ಬಾರಿ ಇಳಿಯುವವರಿಗೆ ಈ ಅಂಗಿಯ ಆಯ್ಕೆಯೇ ಮೊದಲ ಪರೀಕ್ಷೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು ಈಚೆಗೆ ಈ ಪರೀಕ್ಷೆಗೆ ಕೂರುತ್ತಿರುವುದರಿಂದ ಈ ತೀರದ ಕಥೆಯನ್ನೂ ಅಂಗಿಯ ಕಥೆಯನ್ನೂ ಒಟ್ಟಿಗೆ ಹೇಳುವುದು ಉಚಿತವೆಂದು ತೋರಿದೆ.

ಸೆರೆಮನೆಯ ದ್ವೀಪ

ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿ ಆಕ್ವಾಟಿಕ್ ಪಾರ್ಕ್ ಎಂಬ ಬಾಗಿದ ಪುಟ್ಟ ಕಡಲತಡಿಯುಂಟು. ಅಲ್ಲಿ ಎರಡು ಹಳೆಯ ಕ್ಲಬ್ಬುಗಳು ಅಕ್ಕಪಕ್ಕದಲ್ಲಿವೆ. ಸೌತ್ ಎಂಡ್ ರೋಯಿಂಗ್ ಕ್ಲಬ್ ಸ್ಥಾಪನೆಯಾದದ್ದು ೧೮೭೩ರಲ್ಲಿ, ಡಾಲ್ಫಿನ್ ಕ್ಲಬ್ ೧೮೭೭ರಲ್ಲಿ. ಬೆಳಗಿನ ಮಂಜು ಹರಿಯುವ ಮುನ್ನವೇ ನರೆತ ತಲೆಯ ಗಂಡಸರೂ ಹೆಂಗಸರೂ ಕೇವಲ ಈಜುಡುಗೆಯಲ್ಲಿ ನೀರಿಗಿಳಿಯುವುದನ್ನು ಅಲ್ಲಿ ದಿನವೂ ಕಾಣಬಹುದು. ರಬ್ಬರಿನ ಅಂಗಿಯ ಹಂಗಿಲ್ಲದೆ ಈಜುವುದು ಅವರ ಹೆಮ್ಮೆ. ವರ್ಷಗಟ್ಟಲೆ ದಿನದಿನವೂ ತಣ್ಣೀರಿಗೆ ಮೈಯೊಡ್ಡಿ ಅವರು ಆ ಹೆಮ್ಮೆಯನ್ನು ಸಂಪಾದಿಸಿರುವರು. ಅವರನ್ನು ನೋಡಿ ಹೊಸಬರು ಹಾಗೆಯೇ ಧುಮುಕಿದರೆ ಅದು ಸಾಹಸವಲ್ಲ, ಅವಿವೇಕ.

ಅಲ್ಲಿ ನಿಂತು ಎದುರಿಗೆ ನೋಡಿದರೆ ಒಂದೂಕಾಲು ಮೈಲಿ ದೂರದಲ್ಲಿ ಬೂದುಬಣ್ಣದ ಬಂಡೆಯೊಂದು ನೀರಿನಿಂದ ಎದ್ದು ನಿಂತಿದೆ. ಅದೇ ಆಲ್ಕಟ್ರಾಜ್. ೧೯೩೪ರಿಂದ ೧೯೬೩ರವರೆಗೆ ಅಮೆರಿಕದ ಕೇಂದ್ರ ಸರ್ಕಾರದ ಅತಿ ಕಠಿಣ ಸೆರೆಮನೆ ಅಲ್ಲಿತ್ತು. ಆ ಅವಧಿಯಲ್ಲಿ ೧೪ ಬಾರಿ, ಒಟ್ಟು ೩೬ ಮಂದಿ ಕೈದಿಗಳು ತಪ್ಪಿಸಿಕೊಳ್ಳಲು ಯತ್ನಿಸಿದರೆಂದು ದಾಖಲೆಗಳು ಹೇಳುತ್ತವೆ. ಗೋಡೆಗಳಿಗಿಂತ ಆ ದ್ವೀಪಕ್ಕೆ ನಿಜವಾದ ಕಾವಲು ನೀರಿನದೇ ಆಗಿತ್ತು. ೧೯೬೨ರ ಡಿಸೆಂಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಎಂಬ ಕೈದಿ ಗಾಳಿ ತುಂಬಿದ ರಬ್ಬರಿನ ಕೈಚೀಲಗಳನ್ನು ತೇಲುಬುರುಡೆಗಳಂತೆ ಕಟ್ಟಿಕೊಂಡು ನೀರಿಗಿಳಿದನು. ಸೆಳೆತ ಅವನನ್ನು ಗೋಲ್ಡನ್ ಗೇಟ್ ಸೇತುವೆಯ ಬುಡದ ಫೋರ್ಟ್ ಪಾಯಿಂಟಿನವರೆಗೆ ಕೊಂಡೊಯ್ದಿತು. ದಡ ಸೇರಿದ್ದು ನಿಜ. ಆದರೆ ಸೇರಿದವನಿಗೆ ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ಚಳಿಯಿಂದ ಮರಗಟ್ಟಿ ಬಂಡೆಗಳ ನಡುವೆ ಬಿದ್ದಿದ್ದ ಅವನನ್ನು ಕೆಲವು ಹುಡುಗರು ಕಂಡರು. ಚಿಕಿತ್ಸೆಯಾದ ಮೇಲೆ ಅವನು ಮತ್ತೆ ಅದೇ ದ್ವೀಪಕ್ಕೆ ಮರಳಿದನು.

ಕಾಲದ ವಿಲಾಸವನ್ನು ನೋಡಿ! ಅಂದು ಪ್ರಾಣವನ್ನು ಪಣವಾಗಿಟ್ಟು ಕೈದಿಗಳು ದಾಟಲೆಣಿಸಿದ ನೀರನ್ನು ಇಂದು ಜನರು ಶುಲ್ಕ ತೆತ್ತು ದಾಟುತ್ತಿರುವರು. ೧೯೮೧ರಲ್ಲಿ ಆರಂಭವಾದ ಆಲ್ಕಟ್ರಾಜ್ ಪಲಾಯನದ ಟ್ರಯಥ್ಲಾನಿನಲ್ಲಿ ಸ್ಪರ್ಧಿಗಳು ದ್ವೀಪದ ಬಳಿ ಹಡಗಿನಿಂದ ಹಾರಿ ಒಂದೂವರೆ ಮೈಲಿ ಈಜಿ ದಡ ಸೇರುವರು. ಬಳಿಕ ಸೈಕಲ್, ಬಳಿಕ ಓಟ. ಸ್ಕಾಟನಿಗೂ ಇವರಿಗೂ ಇರುವ ಅಂತರವೇನು? ಅಭ್ಯಾಸ, ಕಾವಲು ದೋಣಿಗಳು, ಮತ್ತು ಮೈಗಂಟಿದ ಕೆಲವು ಮಿಲಿಮೀಟರ್ ದಪ್ಪದ ರಬ್ಬರು.

ಒದ್ದೆಯಾದರೂ ಬೆಚ್ಚಗೆ

ಆ ರಬ್ಬರಿನ ಕಥೆಗೆ ಕೊಲ್ಲಿಯನ್ನು ದಾಟಿ ಬರ್ಕ್ಲಿಗೆ ಹೋಗಬೇಕು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿಗಳಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಯೋಜನೆಯಲ್ಲಿ ಕೆಲಸ ಮಾಡಿದ್ದವರು. ತಣ್ಣೀರಿನಲ್ಲಿ ಮುಳುಗಿ ಕೆಲಸ ಮಾಡುವ ನೌಕಾಪಡೆಯವರ ಮೈ ಬೆಚ್ಚಗಿರುವಂತೆ ಮಾಡುವುದು ಹೇಗೆಂಬ ಪ್ರಶ್ನೆ ೧೯೫೧ರ ಸುಮಾರಿಗೆ ಅವರ ಮುಂದಿತ್ತು. ಅದುವರೆಗಿನ ಉಡುಪುಗಳೆಲ್ಲ ನೀರು ಒಳಗೆ ಬಾರದಂತೆ ತಡೆಯಲು ಹೆಣಗುತ್ತಿದ್ದವು. ಒಂದು ಸಣ್ಣ ತೂತಾದರೆ ಸಾಕು, ಉಡುಪು ನೀರು ತುಂಬಿದ ಗೋಣಿಯಾಗುತ್ತಿತ್ತು. ಬ್ರಾಡ್ನರ್ ಪ್ರಶ್ನೆಯನ್ನೇ ತಿರುಗಿಸಿದರು: ಮೈ ಒಣಗಿರಬೇಕೆಂಬ ಹಟವೇಕೆ? ಒದ್ದೆಯಾದರೂ ಬೆಚ್ಚಗಿದ್ದರೆ ಸಾಲದೆ?

ಉಪಾಯ ಸರಳ. ನಿಯೋಪ್ರೀನ್ ಎಂಬುದು ೧೯೩೦ರಲ್ಲಿ ಡ್ಯೂಪಾಂಟ್ ಕಂಪೆನಿಯ ವಿಜ್ಞಾನಿಗಳು ಸಿದ್ಧಪಡಿಸಿದ ಕೃತಕ ರಬ್ಬರು. ಅದನ್ನು ಬ್ರೆಡ್ಡಿನಂತೆ ಉಬ್ಬಿಸಿದರೆ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಅನಿಲದ ಗುಳ್ಳೆಗಳು, ಒಂದಕ್ಕೊಂದು ಸಂಬಂಧವಿಲ್ಲದಂತೆ, ಮುಚ್ಚಿಕೊಂಡು ಉಳಿಯುತ್ತವೆ. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ವೇಗವಾಗಿ ಶಾಖವನ್ನು ಹೀರುವುದರಿಂದ ಈ ಗುಳ್ಳೆಗಳ ಗೋಡೆ ಮೈಶಾಖವನ್ನು ಕಾಯುತ್ತದೆ. ಅಂಗಿಗೂ ಚರ್ಮಕ್ಕೂ ನಡುವೆ ಸೇರಿದ ತೆಳುವಾದ ನೀರಿನ ಪದರ ಮೈಬಿಸಿಗೆ ಬೆಚ್ಚಗಾಗಿ ಅಲ್ಲಿಯೇ ನಿಲ್ಲುತ್ತದೆ. ಕಂಬಳಿ ತಾನಾಗಿ ಬಿಸಿಯನ್ನು ಕೊಡುವುದಿಲ್ಲ, ಇರುವ ಬಿಸಿಯನ್ನು ಬಿಟ್ಟುಕೊಡುವುದಿಲ್ಲ, ಇದೂ ಹಾಗೆಯೇ. ಈ ಅಂಗಿಯ ಹಿರಿಮೆ ತಮ್ಮದೆಂದು ವಾದಿಸಿದವರು ಹಲವರಿದ್ದರು. ಮೂಲಪತ್ರಗಳನ್ನು ಪರಿಶೀಲಿಸಿದವರು ಅದನ್ನು ಬ್ರಾಡ್ನರ್‌ರಿಗೇ ಸಲ್ಲಿಸಿರುವರು. ೨೦೦೮ರಲ್ಲಿ ಅವರು ತೀರಿಕೊಂಡರು.

ವಿಜ್ಞಾನಿಯ ಯೋಚನೆಯನ್ನು ಜನರ ಮೈಮೇಲೆ ತಂದವರಲ್ಲಿ ಪ್ರಮುಖರು ಜಾಕ್ ಓನೀಲ್. ೧೯೫೨ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊವಿನ ಸಮುದ್ರತೀರದ ಬಳಿ ಒಂದು ಗ್ಯಾರೇಜಿನಲ್ಲಿ ಅವರು ಅಂಗಡಿಯಿಟ್ಟರು. ೧೯೫೯ರಲ್ಲಿ ಸ್ಯಾಂಟಾ ಕ್ರೂಜ್‌ಗೆ ಬಂದರು. ವ್ಯಾಪಾರ ಮೇಳಗಳಲ್ಲಿ ತಮ್ಮ ಮಕ್ಕಳಿಗೇ ಈ ಅಂಗಿ ತೊಡಿಸಿ ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಕೂರಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದರಂತೆ! ಸರ್ಫಿಂಗ್ ಅಪಘಾತವೊಂದರಲ್ಲಿ ಎಡಗಣ್ಣನ್ನು ಕಳೆದುಕೊಂಡ ಮೇಲೆ ಕಪ್ಪುಪಟ್ಟಿ ಕಟ್ಟಿಕೊಂಡೇ ಬದುಕಿದ ಈ ಮನುಷ್ಯರು ೨೦೧೭ರಲ್ಲಿ ತಮ್ಮ ೯೪ನೆಯ ವಯಸ್ಸಿನಲ್ಲಿ, ಅಲೆಗಳು ಕಾಣುವ ಮನೆಯಲ್ಲಿಯೇ ಕಣ್ಮುಚ್ಚಿದರು.

ಮೂರು ಆಟಗಳ ಸ್ಪರ್ಧೆ

ಟ್ರಯಥ್ಲಾನ್ ಎಂಬ ಹೆಸರಿನಿಂದ ಮೊದಲ ಸ್ಪರ್ಧೆ ನಡೆದದ್ದು ಇದೇ ರಾಜ್ಯದ ದಕ್ಷಿಣ ತುದಿಯ ಸ್ಯಾನ್ ಡಿಯಾಗೊ ನಗರದ ಮಿಶನ್ ಬೇ ಎಂಬಲ್ಲಿ, ೧೯೭೪ರ ಸೆಪ್ಟೆಂಬರ್ ೨೫ರಂದು. ಅಂದು ಸೇರಿದ್ದವರು ೪೬ ಮಂದಿ. ೨೦೦೦ದಲ್ಲಿ ಸಿಡ್ನಿಯಲ್ಲಿ ಇದು ಒಲಿಂಪಿಕ್ ಕ್ರೀಡೆಯಾಯಿತು. ಒಲಿಂಪಿಕ್ ದೂರವೆಂದರೆ ಒಂದೂವರೆ ಕಿಲೋಮೀಟರ್ ಈಜು, ೪೦ ಕಿಲೋಮೀಟರ್ ಸೈಕಲ್, ೧೦ ಕಿಲೋಮೀಟರ್ ಓಟ. ಹೊಸಬರು ಸಾಮಾನ್ಯವಾಗಿ ಇದರ ಅರ್ಧದಿಂದ, ಅಂದರೆ ೭೫೦ ಮೀಟರ್ ಈಜಿನ ಸ್ಪರ್ಧೆಯಿಂದ, ತೊಡಗುವರು.

ಮೊದಮೊದಲು ತಣ್ಣೀರಿನ ಸ್ಪರ್ಧಿಗಳು ಸಿಕ್ಕಿದ್ದನ್ನು ತೊಟ್ಟು ಈಜುತ್ತಿದ್ದರು. ಸರ್ಫಿಂಗಿನ ಅಂಗಿ ಭುಜವನ್ನು ಬಿಗಿಹಿಡಿಯುತ್ತಿತ್ತು. ಬರಿಮೈ ಚಳಿಗೆ ಸೋಲುತ್ತಿತ್ತು. ೧೯೮೭ರಲ್ಲಿ ಡಾನ್ ಎಂಪ್‌ಫೀಲ್ಡ್ ಎಂಬವರು ಕ್ವಿಂಟಾನಾ ರೂ ಎಂಬ ಸಂಸ್ಥೆಯನ್ನು ತೆರೆದು ಟ್ರಯಥ್ಲಾನಿಗೆಂದೇ ವೆಟ್‌ಸೂಟ್ ಸಿದ್ಧಪಡಿಸಿದ ಮೇಲೆ ಈ ಅಂಗಿಯದೇ ಒಂದು ಪ್ರತ್ಯೇಕ ಜಾತಿ ಬೆಳೆಯಿತು.

ಅಂಗಡಿಯಲ್ಲಿ ಒಂದು ಅಪರಾಹ್ನ

ನನ್ನ ಅಣ್ಣನ ಮಗಳು ಸನ್ನಿವೇಲ್‌ನಲ್ಲಿ ಉದ್ಯೋಗದಲ್ಲಿರುವಳು. ನಮ್ಮ ಮನೆತನದಲ್ಲಿ ನೀರಿನ ಭಯ ಹಳೆಯದು. ಚಿಕ್ಕತಾತನವರು ಶ್ರೀರಂಗಪಟ್ಟಣದ ಬಳಿ ಕಾವೇರಿಯ ಸುಳಿಗೆ ಸಿಕ್ಕಿ ಹೋದ ಮೇಲೆ ಮನೆಯ ಮಕ್ಕಳಾರಿಗೂ ಈಜು ಕಲಿಸಿದ್ದಿಲ್ಲ. ಈ ಹುಡುಗಿ ಮೂವತ್ತು ದಾಟಿದ ಮೇಲೆ ತಾನಾಗಿ ಕೊಳದಲ್ಲಿ ಈಜು ಕಲಿತು, ಸ್ಯಾಂಟಾ ಕ್ರೂಜ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಟ್ರಯಥ್ಲಾನಿಗೆ ಹೆಸರು ಕೊಟ್ಟಳು. ಸುದ್ದಿ ತಿಳಿದ ಅಣ್ಣ ಮೈಸೂರಿನಿಂದ ನನಗೆ ಫೋನು ಮಾಡಿದನು.

"ನೋಡಪ್ಪ, ಬೇಡವೆಂದರೆ ಕೇಳುವ ವಯಸ್ಸು ಅವಳದಲ್ಲ. ನೀನು ಹೇಗೂ ಅಲ್ಲೇ ಇದ್ದೀಯ. ನೀರಿಗೆ ಏನು ತೊಟ್ಟುಕೊಳ್ಳುತ್ತಾಳೋ ಅದನ್ನಾದರೂ ಸರಿಯಾಗಿ ಕೊಡಿಸು. ದುಡ್ಡಿನ ಮುಖ ನೋಡಬೇಡ."

ಅವಳಿಗೆ ದುಡ್ಡಿನ ಯೋಚನೆ ಇಲ್ಲದಿರಲಿಲ್ಲ. "ಚಿಕ್ಕಪ್ಪ, ಗೆಳತಿಯ ಸರ್ಫಿಂಗ್ ಅಂಗಿ ಮನೆಯಲ್ಲೇ ಇದೆ. ಒಂದು ದಿನದ ಸ್ಪರ್ಧೆಗೆ ಅಷ್ಟು ಸಾಲದೆ? ಮುಂದೆ ಈ ಆಟ ಬೇಡವೆನಿಸಿದರೆ ಕೊಂಡದ್ದು ದಂಡ" ಎಂದಳು. ಪ್ರಶ್ನೆ ಸಮಂಜಸವಾಗಿಯೇ ಇತ್ತು. ಉತ್ತರವನ್ನು ಅಂಗಡಿಯಲ್ಲಿಯೇ ಕೇಳೋಣವೆಂದು ಹೊರಟೆವು.

ಅಂಗಡಿಯಲ್ಲಿದ್ದ ಹಿರಿಯ ಹೆಂಗಸು ಸ್ವತಃ ಈಜುಗಾತಿ. ಆಕೆ ಮೊದಲು ಬೆಲೆಯ ಮಾತೆತ್ತಲಿಲ್ಲ. ಮೂರು ಪ್ರಶ್ನೆ ಕೇಳಿದಳು. ಎತ್ತರವೆಷ್ಟು, ತೂಕವೆಷ್ಟು? ಈಜುವಾಗ ಕಾಲು ಕೆಳಕ್ಕೆ ಜಗ್ಗುವುದೊ, ತೇಲುವುದೊ? ಸ್ಪರ್ಧೆಯ ನೀರು ಎಷ್ಟು ತಣ್ಣಗಿರುವುದು? ಈ ಮೂರಕ್ಕೆ ಉತ್ತರ ದೊರೆತರೆ ಅರ್ಧ ಆಯ್ಕೆ ಮುಗಿದಂತೆ ಎಂಬುದು ಆಕೆಯ ಮತ.

ಸರ್ಫಿಂಗಿನ ಅಂಗಿಯ ಬಗೆಗೆ ಆಕೆ ಹೇಳಿದ್ದಿಷ್ಟು: ಹಲಗೆಗೆ ಉಜ್ಜಿದರೂ ಹರಿಯದಿರಲೆಂದು ಅದಕ್ಕೆ ಸಾಮಾನ್ಯವಾಗಿ ಹೊರಗಡೆ ನೈಲಾನ್ ಬಟ್ಟೆಯ ಹೊದಿಕೆಯುಂಟು. ಆ ಬಟ್ಟೆ ನೀರನ್ನು ಹಿಡಿದು ಎಳೆಯುತ್ತದೆ. ಭುಜದ ಕಡೆಯೂ ಅದು ಒಂದೇ ಸಮನೆ ಕೈಬೀಸಿ ಈಜಲು ಹೊಲಿದುದಲ್ಲ. ನೂರು ಬೀಸಿನೊಳಗಾಗಿ ತೋಳು ಸೋಲುತ್ತದೆ. ಟ್ರಯಥ್ಲಾನಿನ ಅಂಗಿಯ ಹೊರಮೈ ನುಣುಪು. ನೀರು ಜಾರಿಹೋಗಲೆಂದು ಅದರ ಮೇಲೆ ಲೇಪವಿರುತ್ತದೆ. ಎದೆ, ತೊಡೆಗಳಲ್ಲಿ ದಪ್ಪ ರಬ್ಬರು. ಭುಜ, ತೋಳುಗಳಲ್ಲಿ ತೆಳು. ಎದೆಯ ಕಡೆ ಮೂರರಿಂದ ಐದು ಮಿಲಿಮೀಟರ್, ಭುಜದ ಕಡೆ ಒಂದೂವರೆಯಿಂದ ಎರಡು ಮಿಲಿಮೀಟರ್ ಸಾಮಾನ್ಯ. ಐದಕ್ಕಿಂತ ದಪ್ಪವಾದುದನ್ನು ಸ್ಪರ್ಧೆಯ ನಿಯಮವೇ ಒಪ್ಪುವುದಿಲ್ಲ.

ಇಲ್ಲಿ ತೇಲುವಿಕೆಯ ಮಾತು ಬಂದಿತು. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟುವ ವಾಡಿಕೆಯುಂಟಲ್ಲ, ಈ ಅಂಗಿಯ ಗುಳ್ಳೆಗಳು ಮಾಡುವುದೂ ಅದೇ ಕೆಲಸ. ಪ್ರಾಯ ಬಂದ ಮೇಲೆ ಈಜು ಕಲಿತವರಿಗೆ ಸಾಮಾನ್ಯವಾಗಿ ಸೊಂಟವೂ ಕಾಲೂ ಕೆಳಗಿಳಿಯುತ್ತವೆ. ಅಂಥವರನ್ನು ತೊಡೆಯ ದಪ್ಪ ರಬ್ಬರು ಮೇಲೆತ್ತಿ ನೀರಿಗೆ ಸಮಾನಾಂತರವಾಗಿ ಮಲಗಿಸುತ್ತದೆ. ಆದುದರಿಂದ ಅಗ್ಗದ ಅಂಗಿಯೂ ಹೊಸಬರಿಗೆ ಹೆಚ್ಚಿನ ಉಪಕಾರ ಮಾಡಬಲ್ಲುದು. ದುಬಾರಿ ಅಂಗಿಗಳಲ್ಲಿ ಹೆಚ್ಚುವುದು ಮುಖ್ಯವಾಗಿ ರಬ್ಬರಿನ ಮೃದುತ್ವ, ಭುಜದ ಸ್ವಾತಂತ್ರ್ಯ. ಜಪಾನಿನ ಯಾಮಾಮೊಟೊ ಸಂಸ್ಥೆ ತಯಾರಿಸುವ ರಬ್ಬರಿನಲ್ಲಿ ೩೮, ೩೯, ೪೦ ಎಂದು ದರ್ಜೆಗಳಿವೆ. ಆರಂಭದ ಅಂಗಿಗೆ ೩೮ ಧಾರಾಳವಾಗಿ ಸಾಕು. ಸುಮಾರು ೨೦೦ರಿಂದ ೩೦೦ ಡಾಲರಿನೊಳಗೆ ಇಂಥ ಅಂಗಿ ದೊರೆಯುತ್ತದೆ. ಸಾವಿರ ಡಾಲರಿನ ಅಂಗಿಯನ್ನು ಆಕೆ ಗಾಜಿನ ಬೀರುವಿನಿಂದ ತೆಗೆಯಲೂ ಇಲ್ಲ.

ತೋಳಿಲ್ಲದ ಅಂಗಿ ಸ್ವಲ್ಪ ಅಗ್ಗ, ಭುಜಕ್ಕೂ ಹಾಯೆನಿಸುವುದು. ಆದರೆ ಕಂಕುಳಿನ ಕಡೆಯಿಂದ ನೀರು ನುಗ್ಗಲು ಎಡೆಯುಂಟು. ಹದಿನೈದು ಡಿಗ್ರಿಯ ನೀರಿಗೆ ಅದು ತಕ್ಕುದಲ್ಲವೆಂದು ಅದನ್ನು ಬದಿಗಿಟ್ಟೆವು. ಉಳಿದದ್ದು ಪೂರ್ಣ ತೋಳಿನದು.

ತೊಡುವುದೇ ಒಂದು ತಪಸ್ಸು! ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಕಾಲು ಸಲೀಸಾಗಿ ಜಾರುವುದು. ಉಗುರು ತಾಗಿದರೆ ನುಣುಪು ರಬ್ಬರು ಕತ್ತರಿಸಿದಂತೆ ಸೀಳುವುದರಿಂದ ಬೆರಳ ಮೆತ್ತೆಯಿಂದಲೇ ಹಿಡಿದು ಎಳೆಯಬೇಕು. ಹಿಮ್ಮಡಿ, ಮಂಡಿ, ತೊಡೆ, ಸೊಂಟ ಹೀಗೆ ಒಂದೊಂದೇ ಅಂಗುಲ ಮೇಲಕ್ಕೆ. ಕವಟೆಯಲ್ಲಿ ಅಂತರ ಉಳಿದರೆ ಆ ಅಂತರ ಭುಜವನ್ನು ಕೆಳಗೆಳೆದು ತೋಳು ಎತ್ತಲು ಬಿಡುವುದಿಲ್ಲ. ಮೊದಲ ಬಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಬೆನ್ನ ಮೇಲಿನ ಜಿಪ್ಪಿಗೆ ಕಟ್ಟಿದ ಉದ್ದನೆಯ ಪಟ್ಟಿಯನ್ನು ಎಳೆದು ಮುಚ್ಚಿದಾಗ ಹುಡುಗಿ ಬೆವರಿ ಮುದ್ದೆಯಾಗಿದ್ದಳು.

ಮೊದಲು ತೊಟ್ಟ ಅಂಗಿ ಹಾಯೆನಿಸಿತು. ಆಕೆ ಅದನ್ನೇ ದೋಷವೆಂದಳು. ನಡುಬೆನ್ನಿನಲ್ಲಿ ಬೆರಳು ತೂರಿಸಿ ರಬ್ಬರನ್ನು ಎತ್ತಿ ತೋರಿಸಿದಳು. ಅಲ್ಲಿ ಪೊಳ್ಳು ಉಳಿದರೆ ಬೆಚ್ಚಗಾದ ನೀರು ಹೊರಟುಹೋಗಿ ತಣ್ಣೀರು ಮತ್ತೆ ಮತ್ತೆ ಒಳಬರುವುದು, ಕೊಡ ತೂತಾದಂತೆ. ನೆಲದ ಮೇಲೆ ಸರಿಯೆನಿಸುವ ಅಂಗಿ ನೀರಿನಲ್ಲಿ ಸಡಿಲ. ನೆಲದ ಮೇಲೆ ತುಸು ಬಿಗಿಯೆನಿಸುವುದೇ ನೀರಿನಲ್ಲಿ ಸರಿ. ಎರಡನೆಯದರಲ್ಲಿ ಕೊರಳು ಒತ್ತಿ ಉಸಿರು ಕಟ್ಟಿದಂತಾಯಿತು. "ಇದೂ ಬೇಡ" ಎಂದಳಾಕೆ. "ಅಂಗಡಿಯಲ್ಲಿ ಕೊರಳು ಹಿಸುಕಿದಂತಾದರೆ ತಣ್ಣೀರಿನಲ್ಲಿ ಅದೇ ಭಯವಾಗಿ ಬೆಳೆಯುತ್ತದೆ. ಭಯ ಬಂದವಳಿಗೆ ಈಜು ಬಾರದು." ಮೂರನೆಯದನ್ನು ತೊಟ್ಟು ದೀರ್ಘವಾಗಿ ಉಸಿರೆಳೆದು, ಇಪ್ಪತ್ತು ಸಲ ಈಜುವಂತೆ ತೋಳು ಬೀಸಿ, ಬಗ್ಗಿ, ಕುಕ್ಕರಿಸಿ ನೋಡಿದಳು. ಕೊರಳು ಮುಚ್ಚಿತ್ತು, ಒತ್ತುತ್ತಿರಲಿಲ್ಲ, ನಡುಬೆನ್ನು ಅಂಟಿತ್ತು, ತೋಳು ತಡೆಯಿಲ್ಲದೆ ತಿರುಗುತ್ತಿತ್ತು. ಅದೇ ಮೊದಲಿನ ಎರಡಕ್ಕಿಂತ ಬೇರೆ ಕಂಪೆನಿಯದು; ಬೆಲೆಯಲ್ಲಿ ನಡುವಿನದು. ಹೆಸರಿಗಿಂತ ಮೈಕಟ್ಟಿಗೆ ಹೊಂದುವ ಕತ್ತರಿಕೆಯೇ ಮುಖ್ಯವೆಂಬುದು ಆಗ ಮನದಟ್ಟಾಯಿತು.

ಕೊಳ್ಳುವ ಮೊದಲು ಇನ್ನೊಂದು ಮಾತು ಕೇಳಿದೆವು. ಅಂಗಡಿಯವರು ಅದೇ ಅಂಗಿಯನ್ನು ಕೆಲವು ದಿನಕ್ಕೆ ಬಾಡಿಗೆಗೂ ಕೊಡುವರು. ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ಮುರಿದುಕೊಳ್ಳುವರು. ದಂಡವಾಗುವುದೆಂಬ ಅವಳ ಅಂಜಿಕೆಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರಿರಲಿಲ್ಲ. ಬಾಡಿಗೆಗೆ ತಂದೆವು.

ಕಡಲಿನ ಉತ್ತರ

ಸನ್ನಿವೇಲ್‌ನಿಂದ ಸ್ಯಾಂಟಾ ಕ್ರೂಜ್‌ಗೆ ಬೆಟ್ಟದ ದಾರಿ. ಆಗುಂಬೆಯ ತಿರುವುಗಳನ್ನು ನೆನಪಿಸುವ ರಸ್ತೆ. ಇಕ್ಕೆಲದಲ್ಲಿ ಆಕಾಶಕ್ಕೆ ಏಣಿ ಹಾಕಿದಂಥ ರೆಡ್‌ವುಡ್ ಮರಗಳು. ಇಳಿದು ಬಂದರೆ ಕಡಲು, ೧೯೦೭ರಿಂದ ನಡೆದುಬಂದಿರುವ ವಿನೋದೋದ್ಯಾನ, ಅದರೊಳಗೆ ೧೯೨೪ರಲ್ಲಿ ಮರದಿಂದ ಕಟ್ಟಿದ ಉರುಳುಬಂಡಿಯ ಹಳಿ. ಪಕ್ಕದಲ್ಲಿಯೇ ೧೯೧೪ರಲ್ಲಿ ಕಟ್ಟಿದ ಮರದ ಧಕ್ಕೆ ಅರ್ಧ ಮೈಲಿಯಷ್ಟು ಕಡಲೊಳಗೆ ಚಾಚಿಕೊಂಡಿದೆ. ೨೦೨೪ರ ಡಿಸೆಂಬರಿನ ಬಿರುಗಾಳಿಯ ಅಲೆಗಳಿಗೆ ಅದರ ತುದಿಯ ಭಾಗ ಮುರಿದುಬಿದ್ದಿತು. ಕೆಳಗಿನ ತೊಲೆಗಳ ಮೇಲೆ ಮಲಗಿದ ಕಡಲಸಿಂಹಗಳು ಹಗಲಿರುಳೆನ್ನದೆ ಬೊಗಳುತ್ತವೆ. ೧೮೮೫ರಲ್ಲಿ ಹವಾಯಿಯ ಮೂವರು ರಾಜಕುಮಾರರು ಈ ಊರಿನ ನದೀಮುಖದಲ್ಲಿ ರೆಡ್‌ವುಡ್ ಹಲಗೆಗಳ ಮೇಲೆ ಅಲೆಯೇರಿ ಊರವರನ್ನು ಬೆರಗುಗೊಳಿಸಿದರು. ಅವರಿಗೆ ಯಾವ ರಬ್ಬರಿನ ಅಂಗಿಯೂ ಇರಲಿಲ್ಲ.

ಧಕ್ಕೆಯ ಪಕ್ಕದ ಕೋವೆಲ್ ತೀರದಲ್ಲಿ ಅಲೆಗಳು ಸೌಮ್ಯ. ಜೀವರಕ್ಷಕರು ಕಾವಲಿದ್ದರು; ಅನುಭವಿಗಳ ಒಂದು ಗುಂಪೂ ಜತೆಗಿತ್ತು. ಹುಡುಗಿ ಸೊಂಟದಾಳಕ್ಕೆ ಹೋಗಿ, ಹೇಳಿಕೊಟ್ಟಿದ್ದಂತೆ ಕೊರಳಪಟ್ಟಿಯನ್ನು ಸಡಲಿಸಿ ತುಸು ನೀರನ್ನು ಒಳಗೆ ಬಿಟ್ಟುಕೊಂಡಳು. ಒಂದು ಕ್ಷಣ ಅವಳ ಬಾಯಿ ತೆರೆದೇ ಉಳಿಯಿತು, ಉಸಿರು ಏದುಸಿರಾಯಿತು. ತಣ್ಣೀರು ತಾಗಿದೊಡನೆ ಉಸಿರು ತಾನಾಗಿ ಎಳೆದುಕೊಳ್ಳುವ ಈ ಆಘಾತವೇ ಅತ್ಯಂತ ಅಪಾಯದ ಗಳಿಗೆ. ಟ್ರಯಥ್ಲಾನಿನಲ್ಲಿ ಸಂಭವಿಸಿರುವ ಸಾವುಗಳಲ್ಲಿ ಬಹುಪಾಲು ಈಜಿನ ಭಾಗದಲ್ಲಿಯೇ ಸಂಭವಿಸಿರುವುದನ್ನು ಯಾರೂ ಮರೆಯಬಾರದು. ಅವಳು ಮುಂದುವರಿಯದೆ ದಡಕ್ಕೆ ಮರಳಿದಳು. ಯಾರೂ ನಗಲಿಲ್ಲ. ಐದು ನಿಮಿಷದ ಬಳಿಕ ಮತ್ತೆ ಇಳಿದಳು. ಮುಖವನ್ನು ನೀರಿಗಿಟ್ಟು ನಿಧಾನವಾಗಿ ಗುಳ್ಳೆ ಬಿಟ್ಟಳು. ಎರಡು ಮೂರು ನಿಮಿಷದಲ್ಲಿ ಉಸಿರು ಹದಕ್ಕೆ ಬಂದಿತು. ಅನಂತರ ಅವಳು ಬೆನ್ನ ಮೇಲೆ ಮಲಗಿ ಕೈಕಾಲು ಆಡಿಸದೆ ತೇಲಿದಳು. ನಮ್ಮ ಮನೆತನದವರೊಬ್ಬರು ನೀರಿನ ಮೇಲೆ ಹಾಗೆ ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಜೆ ಅವಳು ಮೈಸೂರಿಗೆ ಫೋನು ಮಾಡಿದಳು. "ಅಪ್ಪಾ, ಈ ಅಂಗಿ ತೊಟ್ಟರೆ ಮುಳುಗಬೇಕೆಂದರೂ ಮುಳುಗುವುದಕ್ಕಾಗುವುದಿಲ್ಲ!"

"ಸರಿಯಮ್ಮ, ಹಾಗೆಂದು ಪ್ರಯತ್ನ ಮಾಡಿ ನೋಡಬೇಡ" ಎಂದನು ಅಣ್ಣ.

ಅಣ್ಣನ ಮಾತಿನಲ್ಲಿ ವಿವೇಕವಿತ್ತು. ಈ ಅಂಗಿ ತೇಲಿಸುತ್ತದೆ, ನಿಜ. ಆದರೆ ಇದು ಜೀವರಕ್ಷಕ ಕವಚವಲ್ಲ. ಎಚ್ಚರ ತಪ್ಪಿದವನ ಮುಖವನ್ನು ನೀರಿನಿಂದ ಮೇಲೆ ಹಿಡಿಯುವ ಶಕ್ತಿ ಇದಕ್ಕಿಲ್ಲ. ಒಂಟಿಯಾಗಿ ಕಡಲಿಗಿಳಿಯುವುದಕ್ಕೆ ಇದು ಅನುಮತಿಪತ್ರವೂ ಅಲ್ಲ.

ಕೊಳ್ಳುವವರಿಗೆ ಕೆಲವು ಮಾತು

ಸ್ಪರ್ಧೆಯ ನಿಯಮವನ್ನು ಮೊದಲು ಓದಿಕೊಳ್ಳಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದೂವರೆ ಕಿಲೋಮೀಟರಿನವರೆಗಿನ ಈಜಿನಲ್ಲಿ, ಹವ್ಯಾಸಿಗಳಿಗೆ ನೀರು ೨೨ ಡಿಗ್ರಿ ಮುಟ್ಟಿದರೆ ವೆಟ್‌ಸೂಟ್ ನಿಷಿದ್ಧ. ೧೬ಕ್ಕಿಂತ ಕಡಮೆಯಾದರೆ ಕಡ್ಡಾಯ. ಸ್ಥಳೀಯ ಸ್ಪರ್ಧೆಗಳಲ್ಲಿ ಈ ಮಿತಿಗಳು ಬೇರೆಯಾಗಿರಬಹುದು. ಬೆಚ್ಚನೆಯ ನೀರಿನಲ್ಲಿ ಇದನ್ನು ತೊಟ್ಟು ಹೆಣಗಿದರೆ ಮೈ ಕಾದು ಬೇರೆ ಅಪಾಯ ಬರುವುದೆಂಬುದನ್ನೂ ನೆನಪಿಡಬೇಕು. ೨೦೧೯ರಲ್ಲಿ ಗೋವೆಯ ಮೀರಾಮಾರ್ ತೀರದಲ್ಲಿ ಅರ್ಧ ಐರನ್‌ಮ್ಯಾನ್ ಸ್ಪರ್ಧೆ ಆರಂಭವಾಯಿತು. ಅಲ್ಲಿನ ಬೆಚ್ಚನೆಯ ಕಡಲಿಗೆ ಈ ಅಂಗಿ ಬೇಡವೇ ಬೇಡ. ಆದುದರಿಂದ ನಮ್ಮ ನಾಡಿನೊಳಗಿನ ಸ್ಪರ್ಧೆಗಳಿಗೆಂದು ಯಾರೂ ಇದಕ್ಕೆ ಹಣ ಸುರಿಯಬೇಕಾಗಿಲ್ಲ. ತಣ್ಣೀರಿನ ದೇಶಕ್ಕೆ ಹೋಗಿ ಸ್ಪರ್ಧಿಸುವವರು ಕೆಲವು ದಿನ ಮುಂಚೆಯೇ ಹೋಗಿ, ಅಲ್ಲಿ ಬಾಡಿಗೆಗೆ ಪಡೆದು, ಅದೇ ನೀರಿನಲ್ಲಿ ಎರಡು ಮೂರು ಸಲವಾದರೂ ಈಜಿ ನೋಡುವುದು ಲೇಸು. ಸ್ಪರ್ಧೆಯ ಬೆಳಗ್ಗೆಯೇ ಹೊಸ ಅಂಗಿಯನ್ನು ಮೊದಲ ಬಾರಿಗೆ ತೊಡಬಾರದು.

ಕೊರಳು ಉಜ್ಜದಿರಲು ಲೇಪ ಬೇಕು. ಆದರೆ ರಬ್ಬರನ್ನು ಕೆಡಿಸಬಹುದಾದ ಪೆಟ್ರೋಲಿಯಂ ಜೆಲ್ಲಿ ಬೇಡ, ಈಜುಗಾರರಿಗೆಂದೇ ಮಾಡಿದ ಲೇಪ ದೊರೆಯುತ್ತದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ಜಾಲಾಡಿಸಿ, ಒಳಮಗ್ಗುಲು ಹೊರಕ್ಕೆ ತಿರುಗಿಸಿ, ನೆರಳಿನಲ್ಲಿ ಆರಹಾಕಬೇಕು. ನಮ್ಮ ಹೆಂಗಸರು ಒಳ್ಳೆಯ ರೇಷ್ಮೆಸೀರೆಗೆ ತೋರುವಷ್ಟು ಮರ್ಯಾದೆ ತೋರಿದರೆ ಈ ಅಂಗಿ ಹಲವು ವರ್ಷ ಬಾಳುವುದು. ಉಗುರಿನಿಂದ ಆದ ಸಣ್ಣ ಸೀಳನ್ನು ಅದಕ್ಕೆಂದೇ ದೊರೆಯುವ ಅಂಟಿನಿಂದ ಮನೆಯಲ್ಲಿಯೇ ಮುಚ್ಚಬಹುದು.

ಕೊನೆಗೊಂದು ಸಂಗತಿ. ನಿಯೋಪ್ರೀನ್ ಹುಟ್ಟುವುದು ಕಲ್ಲೆಣ್ಣೆಯಿಂದ ಅಥವಾ ಸುಣ್ಣಕಲ್ಲಿನಿಂದ. ಅದರ ಬದಲಿಗೆ ರಬ್ಬರ್ ಮರದ ಹಾಲಿನಿಂದಲೇ ಮಾಡಿದ ಅಂಗಿಗಳನ್ನು ೨೦೧೬ರಲ್ಲಿ ಪೆಟಗೋನಿಯಾ ಸಂಸ್ಥೆ ಮಾರುಕಟ್ಟೆಗೆ ತಂದಿತು. ಸುಳ್ಯ, ಬೆಳ್ತಂಗಡಿಗಳ ತೋಟಗಳಲ್ಲಿ ಬೆಳಗಿನ ಜಾವ ಮರದ ತೊಗಟೆ ಗೀರಿ ಬಟ್ಟಲು ಕಟ್ಟುವವರಿಗೆ, ಅದೇ ಜಾತಿಯ ಮರದ ಹಾಲು ದೂರದ ತಣ್ಣೀರಿನಲ್ಲಿ ಜನರ ಮೈಯನ್ನು ಬೆಚ್ಚಗಿಡುತ್ತಿದೆ ಎಂದರೆ ಆಶ್ಚರ್ಯವಾದೀತು.

ಸ್ಯಾಂಟಾ ಕ್ರೂಜ್‌ನ ಕಡಲು ಮಾತ್ರ ರಾಜಕುಮಾರರು ಬಂದ ದಿನ ಹೇಗಿತ್ತೊ ಹಾಗೆಯೇ ಇದೆ. ಅದು ಯಾರಿಗಾಗಿಯೂ ಬೆಚ್ಚಗಾಗುವುದಿಲ್ಲ. ಅದರ ಬಳಿಗೆ ಹೋಗುವವರು ತಮ್ಮ ಅಳತೆಯನ್ನು ತಾವು ಅರಿತು, ಅಳತೆಗೆ ಹೊಂದುವ ಅಂಗಿ ತೊಟ್ಟು, ಜತೆಗಾರರೊಡನೆ ಹೋಗಬೇಕು. ಹಾಗೆ ಹೋದವರಿಗೆ ಆ ಕಡಲು ದಾರಿ ಬಿಡುವುದುಂಟು.